ಮಳೆ ಬಂದರೂ ನೀಗದ ಹಸಿವು

‘ಕಾಲ ಕೆಟ್ಟುಹೋಯಿತು’ ಎಂಬ ಮಾತನ್ನು ಮದುವೆ ಮನೆಯಿಂದ ಹಿಡಿದು ಸಾರ್ವಜನಿಕ ಸಭೆಯವರೆಗೆ ನಾವು ಎಲ್ಲೆಡೆ ಕೇಳುತ್ತೇವೆ. ಇಪ್ಪತ್ತನೆಯ ಶತಮಾನದ ನವ್ಯಕಾವ್ಯವೂ ಇದೇ ಮಾತನ್ನು ಗಟ್ಟಿಯಾಗಿ ಹೇಳಿತು. ಆದರೆ ಕೆಟ್ಟದ್ದು ಏನು, ಕೆಡಿಸಿದವರು ಯಾರು ಎಂದು ಕೇಳಿದರೆ ಎಲ್ಲ ಕವಿಗಳೂ ಒಂದೇ ಕಡೆ ಬೆರಳು ತೋರಿಸುವುದಿಲ್ಲ. ಟಿ.ಎಸ್. ಎಲಿಯಟ್‌ನ ‘ದಿ ವೇಸ್ಟ್ ಲ್ಯಾಂಡ್’ (1922) ಮತ್ತು ಇರಾಕಿನ ಕವಿ ಬದ್ರ್ ಶಾಕಿರ್ ಅಸ್ಸಯ್ಯಾಬ್‌ನ ‘ಮಳೆಯ ಹಾಡು’ (1954) ಕವಿತೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಮೊದಲ ಮಹಾಯುದ್ಧ ಮುಗಿದು ನಾಲ್ಕು ವರ್ಷಗಳಾಗಿದ್ದಾಗ ಎಲಿಯಟ್‌ನ ಕವಿತೆ ಪ್ರಕಟವಾಯಿತು. ಆಗ ಅವನು ಲಂಡನ್ನಿನ ಬ್ಯಾಂಕೊಂದರಲ್ಲಿ ನೌಕರ. ಕವಿತೆಯ ಬಹುಭಾಗವನ್ನು ಬರೆದದ್ದು 1921ರಲ್ಲಿ, ಮನಸ್ಸು ಕುಸಿದು ರಜೆಯ ಮೇಲಿದ್ದಾಗ. ನೀರಿಲ್ಲದೆ ಬಿರಿದ ನೆಲ, ಮಂಜಿನಲ್ಲಿ ಸೇತುವೆ ದಾಟುವ ಜೀವವಿಲ್ಲದಂಥ ಜನಜಂಗುಳಿ, ಹಲವು ಭಾಷೆಗಳ ತುಂಡು ಮಾತುಗಳು. ಒಬ್ಬ ನಿರೂಪಕನಿಲ್ಲ, ಒಂದು ಕಥೆಯೂ ಇಲ್ಲ. ಸಮಾಜ ಒಡೆದಿದೆ ಎಂದು ಎಲಿಯಟ್ ವರದಿ ಮಾಡುವುದಿಲ್ಲ. ಕವಿತೆಯನ್ನೇ ಒಡೆದು ಓದುಗನ ಕೈಗಿಡುತ್ತಾನೆ. ಅದರ ನಿಜವಾದ ಶಕ್ತಿ ಇರುವುದು ಇಲ್ಲಿ.

ಆದರೆ ನೈತಿಕ ಅವ್ಯವಸ್ಥೆಯನ್ನು ಅವನು ಎಲ್ಲಿ ಕಾಣುತ್ತಾನೆ? ಬಾಡಿಗೆ ಕೋಣೆಯಲ್ಲಿ ಡಬ್ಬಿಯ ಆಹಾರ ತಿಂದು, ಪ್ರೀತಿಯಿಲ್ಲದ ಕೂಟಕ್ಕೆ ಒಡ್ಡಿಕೊಳ್ಳುವ ಟೈಪಿಸ್ಟ್ ಹುಡುಗಿಯಲ್ಲಿ. ಸೈನ್ಯದಿಂದ ಮರಳುವ ಗಂಡನಿಗಾಗಿ ಹಲ್ಲು ಕಟ್ಟಿಸಿಕೊಳ್ಳಬೇಕಾದ, ಬಸಿರು ಇಳಿಸಲು ಮಾತ್ರೆ ನುಂಗಿದ ಬಡ ಹೆಂಗಸಿನಲ್ಲಿ. ಸಿರಿವಂತೆಯೊಬ್ಬಳ ಬರಡು ಬದುಕೂ ಇದೆ ನಿಜ. ಆದರೆ ಅದೂ ಮಲಗುವ ಕೋಣೆಯ ಚಿತ್ರವೇ. ಸುಮಾರು 90 ಲಕ್ಷ ಸೈನಿಕರನ್ನು ಸಾವಿಗೆ ಕಳಿಸಿದ ಮಂತ್ರಿಗಳು, ಸೇನಾಪತಿಗಳು, ಯುದ್ಧದಲ್ಲಿ ಲಾಭ ಮಾಡಿಕೊಂಡ ವ್ಯಾಪಾರಿಗಳು ಈ ಕವಿತೆಯ ಕಟಕಟೆಯಲ್ಲಿ ನಿಲ್ಲುವುದಿಲ್ಲ. ಪಾಪ ಹೆಣ್ಣಿನ ಕೋಣೆಯಲ್ಲಿದೆ, ಅಧಿಕಾರದ ಕಚೇರಿ ಖಾಲಿಯಿದೆ. ಕೊನೆಯಲ್ಲಿ ಬೃಹದಾರಣ್ಯಕ ಉಪನಿಷತ್ತಿನ ಗುಡುಗು ದಾನ, ದಯೆ, ಸಂಯಮಗಳನ್ನು ಬೋಧಿಸುತ್ತದೆ. ಮಾತು ದೊಡ್ಡದು. ಆದರೆ ಯಾರು ಯಾರಿಗೆ ಏನು ಹಿಂದಿರುಗಿಸಬೇಕು ಎಂಬ ಲೆಕ್ಕ ಅಲ್ಲಿಲ್ಲ.

ಇನ್ನು ಸಯ್ಯಾಬ್. ಬಸ್ರಾ ಬಳಿಯ ಜೈಕೂರ್ ಹಳ್ಳಿಯವನು, ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡವನು, ಬಗ್ದಾದಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವನು. ರಾಜಕೀಯ ಕಾರಣಗಳಿಂದ ಊರು ಬಿಟ್ಟು ಕುವೈತ್ ಸೇರಬೇಕಾಯಿತು. ಎಲಿಯಟ್‌ನಿಂದ ಅವನು ಬರಡು ನೆಲ, ಪುರಾಣ, ಪುನರುತ್ಥಾನದ ರೂಪಕಗಳನ್ನು ಪಡೆದ. ಆದರೆ ತೀರ್ಪನ್ನು ಪಡೆಯಲಿಲ್ಲ. ಎಲಿಯಟ್‌ನ ನೆಲಕ್ಕೆ ಬಾಯಾರಿಕೆ. ಸಯ್ಯಾಬ್‌ನ ನೆಲದಲ್ಲಿ ಮಳೆ ಸುರಿಯುತ್ತಲೇ ಇದೆ, ಖರ್ಜೂರದ ತೋಟಗಳು ಹಸಿರಾಗಿವೆ, ಕೊಲ್ಲಿಯಲ್ಲಿ ಮುತ್ತುಗಳಿವೆ. ಆದರೂ ಜನ ಹಸಿದಿದ್ದಾರೆ, ಗುಳೆ ಹೋಗುತ್ತಿದ್ದಾರೆ. ಬೆಳೆಯನ್ನು ಕಾಗೆ, ಮಿಡತೆಗಳು ತಿಂದು ಕೊಬ್ಬುತ್ತವೆ. ಆ ಕಾಗೆಗಳು ಯಾರೆಂದು ಇರಾಕಿನ ಓದುಗರಿಗೆ ವಿವರಿಸಬೇಕಾಗಿರಲಿಲ್ಲ. ಬ್ರಿಟಿಷರ ಪ್ರಭಾವದಲ್ಲಿದ್ದ ಅರಸೊತ್ತಿಗೆ, ದೊಡ್ಡ ಜಮೀನ್ದಾರರು, ತೈಲವನ್ನು ಕೈಯಲ್ಲಿಟ್ಟುಕೊಂಡ ವಿದೇಶಿ ಕಂಪೆನಿ ಅವರ ಕಣ್ಣೆದುರೇ ಇದ್ದವು. 1958ರಲ್ಲಿ ಆ ಅರಸೊತ್ತಿಗೆ ಉರುಳಿತು.

ಒಬ್ಬನಿಗೆ ಕುಸಿತವೆಂದರೆ ಶ್ರದ್ಧೆಯ ಬರ, ಇನ್ನೊಬ್ಬನಿಗೆ ಅನ್ಯಾಯದ ಹಂಚಿಕೆ. ಒಬ್ಬ ಕಳೆದುಹೋದ ವ್ಯವಸ್ಥೆಗಾಗಿ ಮರುಗುತ್ತಾನೆ. ಇನ್ನೊಬ್ಬನಿಗೆ ಹಾಗೆ ಮರುಗಲು ಅಂಥ ವ್ಯವಸ್ಥೆ ಇದ್ದೇ ಇರಲಿಲ್ಲ.

ಕನ್ನಡದಲ್ಲೂ ಈ ಪ್ರಶ್ನೆ ಎದ್ದಿತ್ತು. ಎಲಿಯಟ್‌ನ ಪ್ರಭಾವವಿದ್ದ ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ ಬಂದದ್ದು ಅದೇ 1954ರಲ್ಲಿ. ಸ್ವಾತಂತ್ರ್ಯಾನಂತರದ ಭ್ರಮನಿರಸನಕ್ಕೆ ಅವರು ಕೊಟ್ಟ ಹರಿತವಾದ ಭಾಷೆ ಕನ್ನಡ ಕಾವ್ಯದ ದಿಕ್ಕನ್ನೇ ಬದಲಿಸಿತು. ಎಪ್ಪತ್ತರ ದಶಕದಲ್ಲಿ ಬಂದ ದಲಿತ, ಬಂಡಾಯ ಕವಿಗಳು ಆ ಹರಿತವನ್ನು ಒಪ್ಪಿಯೂ ಕೇಳಿದರು: ನೀವು ಮರುಗುತ್ತಿರುವ ಆ ಮನೆಯೊಳಗೆ ನಮಗೆ ಯಾವಾಗ ಪ್ರವೇಶವಿತ್ತು? ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ (1975) ಅಂಥ ಪ್ರಶ್ನೆಯೇ ಆಗಿತ್ತು.

ಇದು ಕೇವಲ ಕಾವ್ಯದ ವಿಚಾರವಲ್ಲ. ವರದಕ್ಷಿಣೆ ಎಣಿಸಿಕೊಂಡ ಮದುವೆಯಲ್ಲೇ ಕುಳಿತು ಹುಡುಗಿಯರ ಉಡುಪು, ಮೊಬೈಲುಗಳಿಂದ ಸಮಾಜ ಕೆಟ್ಟಿತೆಂದು ಮಾತನಾಡುವವರು ನಮ್ಮಲ್ಲಿ ಕಡಿಮೆಯಿಲ್ಲ. ಕೂಲಿಯವನ ಬೆವರು ಆರುವ ಮೊದಲೇ ಅವನ ಕೂಲಿ ಕೊಡಬೇಕೆಂಬ ಪ್ರವಾದಿವರ್ಯರ ಬೋಧನೆ ಮಾತ್ರ ಅಂಥ ಮಾತುಗಳ ನಡುವೆ ಅಪರೂಪವಾಗಿ ಕೇಳಿಬರುತ್ತದೆ. ಎಲಿಯಟ್ ಮಹಾಕವಿ, ಅವನನ್ನು ಓದಲೇಬೇಕು. ಆದರೆ ಕಾಲ ಕೆಟ್ಟಿತೆಂದು ಹೇಳುವವನು ಕವಿಯಾಗಲಿ, ಭಾಷಣಕಾರನಾಗಲಿ, ನಾವೇ ಆಗಲಿ, ಅವನ ಬೆರಳು ಟೈಪಿಸ್ಟಳ ಕೋಣೆಯತ್ತ ಇದೆಯೋ, ಬೆಳೆ ತಿನ್ನುವ ಕಾಗೆಯತ್ತ ಇದೆಯೋ ಎಂಬುದನ್ನು ಮೊದಲು ನೋಡಬೇಕು.