ಮೀನಿನ ತೊಟ್ಟಿಯ ನೀಲಿ-ಹಸಿರು ಪಾಚಿ: ಗುಳಿಗೆಯೋ, ಕತ್ತಲೆಯೋ?

ಬೆಳಿಗ್ಗೆ ತೊಟ್ಟಿಯ ಮುಚ್ಚಳ ತೆಗೆದ ಕೂಡಲೇ ಹಸಿ ಮಣ್ಣಿನ ವಾಸನೆ ಮೂಗಿಗೆ ಬಡಿದರೆ ಅದು ಬಂದಿದೆ ಎಂದೇ ತಿಳಿಯಬೇಕು. ಸದಲಗಾದ ನಮ್ಮ ಮನೆಯ ಎರಡಡಿ ತೊಟ್ಟಿಯಲ್ಲಿ ಅದು ಮೊದಲು ಕಂಡದ್ದು ಕಿಟಕಿಯ ಕಡೆಯ ಗಾಜಿನಲ್ಲಿ, ಮರಳು ಗಾಜಿಗೆ ತಾಗುವ ಗೆರೆಯುದ್ದಕ್ಕೂ. ವಾರ ಕಳೆಯುವುದರೊಳಗೆ ವ್ಯಾಲಿಸ್ನೇರಿಯಾ ಗಿಡಗಳ ಬುಡಕ್ಕೆ ಕಡು ಹಸಿರು ಹೊದಿಕೆ ಹೊದಿಸಿದಂತಾಗಿತ್ತು. ಬೆರಳಿನಿಂದ ಎಳೆದರೆ ಲೋಳೆಲೋಳೆಯಾಗಿ ಹಾಳೆಯೇ ಕಿತ್ತು ಬರುತ್ತದೆ. ಎರಡು ದಿನ ಬಿಟ್ಟು ನೋಡಿದರೆ ಅದೇ ಜಾಗದಲ್ಲಿ ಮತ್ತೆ ಹಾಸಿಕೊಂಡಿರುತ್ತದೆ. ಮೊದಲ ಮಳೆಗೆ ಹೊಲದಿಂದ ಏಳುವ ಘಮಕ್ಕೂ ಈ ವಾಸನೆಗೂ ಹೆಚ್ಚಾಗಿ ಕಾರಣವಾಗುವುದು ಒಂದೇ ವಸ್ತು, ಜಿಯೋಸ್ಮಿನ್.

ನಾವು ಪಾಚಿ ಎನ್ನುತ್ತೇವಾದರೂ ಇದು ಪಾಚಿಯ ಕುಲದ್ದಲ್ಲ. ಇದು ಬಿಸಿಲನ್ನು ಉಂಡು ಬದುಕುವ ಬ್ಯಾಕ್ಟೀರಿಯಾ, ಹೆಸರು ಸಯನೋಬ್ಯಾಕ್ಟೀರಿಯಾ. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಗೆ ಆಮ್ಲಜನಕ ತುಂಬತೊಡಗಿದ್ದು ಇದರ ಪೂರ್ವಜರಿಂದಲೇ. ಪಾಚಿ ತಿನ್ನುತ್ತವೆಂದು ಕೊಂಡು ತಂದ ಮೀನು, ಬಸವನಹುಳು, ಸಿಗಡಿಗಳು ಇದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆ ಸಲಹೆಯನ್ನು ಇಲ್ಲಿಗೇ ಬಿಡೋಣ.

ಬ್ಯಾಕ್ಟೀರಿಯಾ ಎಂದ ಮೇಲೆ ಆಂಟಿಬಯಾಟಿಕ್ ಸಾಕಲ್ಲ ಎಂಬ ತರ್ಕದಿಂದ ಹುಟ್ಟಿದ್ದು ಎರಿಥ್ರೊಮೈಸಿನ್ ಗುಳಿಗೆಯ ರೂಢಿ. 40 ಲೀಟರ್ ನೀರಿಗೆ 250 ಮಿ.ಗ್ರಾಂ.ನ ಒಂದು ಗುಳಿಗೆ, ನಾಲ್ಕೈದು ದಿನ. ಮೀನು ಕೊಂಡ ಅಂಗಡಿಯಲ್ಲಿ ನನಗೆ ಹೇಳಿದ್ದೂ ಇದನ್ನೇ. ಗುಣ ಇದ್ದದ್ದನ್ನು ಇದೆ ಎನ್ನಬೇಕು: ಮೂರನೆಯ ದಿನಕ್ಕೆ ಹಾಳೆ ಬಿಳಿಚಿತು, ಐದನೆಯ ದಿನಕ್ಕೆ ತಳ ಸ್ವಚ್ಛವಾಯಿತು. ತಿಂಗಳು ತುಂಬುವ ಮೊದಲೇ ಅದೇ ಕಿಟಕಿಯ ಮೂಲೆಯಲ್ಲಿ ಮತ್ತೆ ಹಸಿರು ಗೆರೆ ಮೂಡಿತು. ಬಿಸಿಲು, ನಿಂತ ನೀರು, ತಳದಲ್ಲಿ ಕೊಳೆಯುತ್ತಿದ್ದ ಆಹಾರ ಎಲ್ಲವೂ ಇದ್ದಲ್ಲೇ ಇದ್ದವು. ಅಮೋನಿಯಾವನ್ನು ಅರಗಿಸಿ ಮೀನನ್ನು ಉಳಿಸುವ ಫಿಲ್ಟರಿನ ಬ್ಯಾಕ್ಟೀರಿಯಾಕ್ಕೂ ಈ ಮದ್ದಿನಿಂದ ಪೆಟ್ಟು ಬೀಳಬಹುದು.

ನನ್ನ ದೊಡ್ಡ ತಕರಾರು ಇದಕ್ಕಿಂತ ಆಚೆಗಿದೆ. ಎರಿಥ್ರೊಮೈಸಿನ್ ನಮ್ಮ ಕಾನೂನಿನಲ್ಲಿ ಶೆಡ್ಯೂಲ್ ಎಚ್ ಔಷಧಿ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಮನುಷ್ಯರ ಗಂಟಲು, ಎದೆಯ ಸೋಂಕಿಗೆ ಬೇಕಾದ ಮದ್ದನ್ನು ತೊಟ್ಟಿಗೆ ಹಾಕಿ ಅರ್ಧ ನೀರು ಬದಲಿಸಿದರೆ ಆ ನೀರು ಹೋಗುವುದು ಎಲ್ಲಿಗೆ? ಗಟಾರಕ್ಕೆ, ಗಟಾರದಿಂದ ಹಳ್ಳಕ್ಕೆ, ಹಳ್ಳದಿಂದ ದೂಧಗಂಗೆಗೆ, ಮುಂದೆ ಕೃಷ್ಣೆಗೆ. ತೆಳುವಾದ ಪ್ರಮಾಣದ ಆಂಟಿಬಯಾಟಿಕ್ಕಿಗೆ ಸಿಕ್ಕ ರೋಗಾಣುಗಳು ಅದನ್ನು ಎದುರಿಸುವುದನ್ನು ಕಲಿಯುತ್ತವೆ. ಒಂದು ಮನೆಯ ತೊಟ್ಟಿಯಿಂದ ಹೊಳೆ ಕೆಡುವುದಿಲ್ಲ ಎಂದು ಯಾರಾದರೂ ಹೇಳಬಹುದು. ಆದರೆ ಒಬ್ಬರಿಂದ ಒಬ್ಬರಿಗೆ ಹರಡುವ ರೂಢಿ ಒಂದೇ ಮನೆಯಲ್ಲಿ ಉಳಿಯುವುದಿಲ್ಲ. ಈ ರೂಢಿಯನ್ನು ಬಿಡಲೇಬೇಕು.

ಹೈಡ್ರೋಜನ್ ಪೆರಾಕ್ಸೈಡ್ ಇದಕ್ಕಿಂತ ಮೇಲು. ಕೆಲಸ ಮುಗಿದ ಮೇಲೆ ಒಡೆದು ನೀರು ಮತ್ತು ಆಮ್ಲಜನಕವಾಗುತ್ತದೆ. ಫಿಲ್ಟರ್ ನಿಲ್ಲಿಸಿ, ಸಿರಿಂಜಿನಿಂದ ಹಾಳೆಯ ಮೇಲೆಯೇ ಬಿಡಬೇಕು. ಇಲ್ಲಿ ಒಂದು ಅಪಾಯವಿದೆ. ಹೊರದೇಶದವರು ಬರೆದ ಲೆಕ್ಕವೆಲ್ಲ 3 ಶೇಕಡಾ ದ್ರಾವಣದ್ದು. ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗುವುದು ಸಾಮಾನ್ಯವಾಗಿ 20 ವಾಲ್ಯೂಮಿನದು, ಅಂದರೆ ಸುಮಾರು 6 ಶೇಕಡಾ. ಬಾಟಲಿ ಓದದೆ ಸುರಿದರೆ ಎರಡು ಪಟ್ಟು ಮದ್ದು ಬಿದ್ದು ಸಿಗಡಿ, ಮಾಸ್ ಮೊದಲು ಸಾಯುತ್ತವೆ. ಒಂದು ಮೂಲೆಯ ಕಲೆಗೆ ಇದು ಸರಿ, ಇಡೀ ತಳ ಆವರಿಸಿದಾಗ ಸಾಲದು.

ನಾನು ಒಪ್ಪುವ ವಿಧಾನ ಮೂರು ದಿನದ ಕತ್ತಲೆ. ಮೊದಲು ಹಾಳೆಯನ್ನು ಕಿತ್ತು ಪೈಪಿನಿಂದ ಹೊರಗೆ ಹರಿಸಬೇಕು. ಪೈಪನ್ನು ಬಾಯಿಂದ ಹೀರಬಾರದು, ಈ ಜೀವಿಗಳಲ್ಲಿ ಕೆಲವು ವಿಷ ಉಗುಳುತ್ತವೆ. ಅರ್ಧ ನೀರು ಬದಲಿಸಿ, ದೀಪ ಆರಿಸಿ, ನಾಲ್ಕೂ ಕಡೆ ಕಂಬಳಿ ಹೊದಿಸಬೇಕು. ಮೂರು ದಿನ ಆಹಾರ ಬೇಡ. ಆರೋಗ್ಯವಂತ ದೊಡ್ಡ ಮೀನು ಅಷ್ಟನ್ನು ತಡೆಯುತ್ತದೆ. ಎಲೆಯಲ್ಲೂ ಬೇರಿನಲ್ಲೂ ಕೂಡಿಟ್ಟ ಪಿಷ್ಟದಿಂದ ಗಿಡಗಳು ಮೂರು ದಿನ ದೂಡುತ್ತವೆ, ಹಸಿರು ಹಾಳೆಗೆ ಅಂಥ ಗಂಟು ಕಡಿಮೆ. ನಾಲ್ಕನೆಯ ಬೆಳಿಗ್ಗೆ ಸತ್ತದ್ದನ್ನು ತೆಗೆದು ಮತ್ತೆ ಅರ್ಧ ನೀರು ಬದಲಿಸಬೇಕು. ಇದನ್ನು ಬಿಟ್ಟರೆ ಸತ್ತದ್ದೇ ಕೊಳೆತು ಅಮೋನಿಯಾ ಆಗುತ್ತದೆ.

ಈ ವಿಧಾನಕ್ಕೂ ಕೊರತೆ ಇದೆ, ಅದು ನಮ್ಮ ಬೇಸಿಗೆಯಲ್ಲಿ ಎದ್ದು ಕಾಣುತ್ತದೆ. 20 ಡಿಗ್ರಿಯ ನೀರು ಲೀಟರಿಗೆ 9 ಮಿ.ಗ್ರಾಂ. ಆಮ್ಲಜನಕ ಹಿಡಿದರೆ 30 ಡಿಗ್ರಿಯ ನೀರು ಹಿಡಿಯುವುದು ಏಳೂವರೆಯಷ್ಟೇ. ಕತ್ತಲೆಯಲ್ಲಿ ಗಿಡಗಳೂ ಅದನ್ನೇ ಉಸಿರಾಡುತ್ತವೆ. ಅದರ ನಡುವೆ ಕರೆಂಟು ಹೋಗಿ ಏರ್ ಪಂಪ್ ನಿಂತರೆ ಮೀನು ಮೇಲೆ ಬಂದು ಬಾಯಿ ತೆರೆಯುತ್ತವೆ. ತಂಪು ದೇಶಗಳಲ್ಲಿ ಬರೆದ ಸಲಹೆಗಳಲ್ಲಿ ಈ ಎಚ್ಚರ ಸಿಗುವುದು ಅಪರೂಪ. ಏಪ್ರಿಲ್–ಮೇನಲ್ಲಿ ಮಾಡುವುದಾದರೆ ಬ್ಯಾಟರಿಯ ಏರ್ ಪಂಪ್ ಇಲ್ಲದೆ ಮಾಡಬಾರದು.

ನೈಟ್ರೇಟ್ ಕಡಿಮೆಯಾದರೆ ಈ ಹಸಿರು ಹಾಳೆ ಬರುತ್ತದೆ ಎಂಬ ವಾದ ಅರ್ಧ ಸತ್ಯ. ಈ ಕುಲದ ಕೆಲವು ಗಾಳಿಯ ಸಾರಜನಕವನ್ನೇ ಹಿಡಿದು ಬದುಕುತ್ತವೆ. ಭತ್ತದ ಗದ್ದೆಗೆ ಅವು ಸಾರ ತುಂಬುವುದನ್ನು ಪಿ. ಕೆ. ಡೇ 1939ರಲ್ಲಿ ತೋರಿಸಿದರು, 1950ರಲ್ಲಿ ಆರ್. ಎನ್. ಸಿಂಗ್ ಉತ್ತರ ಭಾರತದ ಸವಳು ಭೂಮಿಯನ್ನು ಇವುಗಳಿಂದಲೇ ಹದಗೊಳಿಸುವ ದಾರಿ ಹೇಳಿದರು. ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ನೆಲ ಸವಳಾದ ನಮ್ಮ ಭಾಗದವರು ತಿಳಿಯಬೇಕಾದ ಕೆಲಸ ಅದು. ಆದರೆ ತೊಟ್ಟಿಯಲ್ಲಿ ಹಾಸುವುದು ಹೆಚ್ಚಾಗಿ ಆಸಿಲೇಟೋರಿಯಾ ಬಗೆಯದು. ನೈಟ್ರೇಟ್ ಹಾಕಿದ ಮಾತ್ರಕ್ಕೆ ಅದು ಸಾಯುವುದಿಲ್ಲ. ಹಸಿದ ಗಿಡಗಳು ಚೇತರಿಸಿಕೊಂಡು ಅದರ ಜಾಗ ಕಸಿಯುತ್ತವೆ, ಅಷ್ಟೇ. ಬೋರ್ ನೀರಿನಲ್ಲಿ ಆಗಲೇ ನೈಟ್ರೇಟ್ ಇದ್ದರೆ ಮತ್ತೆ ಸೇರಿಸುವುದು ವ್ಯರ್ಥ, ಆದ್ದರಿಂದ ಮೊದಲು ಟೆಸ್ಟ್ ಕಿಟ್‌ನಿಂದ ಅಳೆಯಬೇಕು. ಕೊರತೆ ಕಂಡರೆ ಅಕ್ವೇರಿಯಮ್ಮಿನ ದುಬಾರಿ ಬಾಟಲಿ ಬೇಕಿಲ್ಲ. ದ್ರಾಕ್ಷಿಗೆ, ಕಬ್ಬಿಗೆ ಡ್ರಿಪ್‌ನಲ್ಲಿ ಬಿಡುವ 13:0:45 ಗೊಬ್ಬರ ಪೊಟ್ಯಾಸಿಯಂ ನೈಟ್ರೇಟೇ. ಅದರ ಒಂದು ಗ್ರಾಂ 50 ಲೀಟರ್ ನೀರಿನಲ್ಲಿ ಲೀಟರಿಗೆ ಸುಮಾರು 11 ಮಿ.ಗ್ರಾಂ. ನೈಟ್ರೇಟ್ ಕೊಡುತ್ತದೆ. ಯೂರಿಯಾ ಮಾತ್ರ ಖಂಡಿತ ಬೇಡ, ಅದು ಅಮೋನಿಯಾ ಆಗಿ ಮೀನು ಕೊಲ್ಲುತ್ತದೆ.

ಬೇಸಿಗೆಯಲ್ಲಿ ಬಂಧಾರದ ಹಿಂದೆ ನಿಂತ ಹೊಳೆನೀರಿನ ಅಂಚಿಗೂ ಹರಿಯುವ ನೀರಿನ ಅಂಚಿಗೂ ಇರುವ ಬಣ್ಣದ ವ್ಯತ್ಯಾಸವನ್ನು ನಮ್ಮೂರಿನವರು ನೋಡಿಯೇ ಇರುತ್ತಾರೆ. ನನ್ನ ತೊಟ್ಟಿಯಲ್ಲಿ ಕತ್ತಲೆಯ ನಂತರ ಮಾಡಿದ ಬದಲಾವಣೆ ಸಣ್ಣದು: ಫಿಲ್ಟರಿನ ಬಾಯಿಯನ್ನು ನೀರು ನಿಲ್ಲುತ್ತಿದ್ದ ಆ ಕಿಟಕಿಯ ಮೂಲೆಯ ಕಡೆಗೆ ತಿರುಗಿಸಿದೆ, ಮರಳಿನ ಮಟ್ಟದಲ್ಲಿ ಗಾಜಿನ ಹೊರಗೆ ಕಪ್ಪು ಕಾಗದದ ಪಟ್ಟಿ ಅಂಟಿಸಿದೆ, ದೀಪವನ್ನು ಹತ್ತು ತಾಸಿನಿಂದ ಆರಕ್ಕೆ ಇಳಿಸಿದೆ, ಆಹಾರವನ್ನು ದಿನಕ್ಕೊಮ್ಮೆ ಮಾಡಿದೆ. ಹಸಿರು ಗೆರೆ ಮರಳಿ ಬಂದಿಲ್ಲ.

ಈಗಾಗಲೇ ಗುಳಿಗೆ ಹಾಕಿಬಿಟ್ಟಿರುವವರಲ್ಲಿ ಒಂದು ವಿನಂತಿ. ಆ ನೀರನ್ನು ಕೂಡಲೇ ಹೊರಗೆ ಚೆಲ್ಲಬೇಡಿ. ಫಿಲ್ಟರಿಗೆ ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ ಕೆಲವು ದಿನ ಓಡಿಸಿ, ಆಮೇಲೆ ನೀರು ಬದಲಿಸಿ. ಉಳಿದ ಗುಳಿಗೆಗಳನ್ನು ಗಟಾರಕ್ಕೆ ಎಸೆಯಬೇಡಿ.