ನೀರಿನ ಪಂಪಿನ ಆಚೆಗೆ

ಹೆಲೆನ್ ಕೆಲ್ಲರ್ ಅಂದ ಕೂಡಲೇ ನಮ್ಮ ಮಕ್ಕಳು ಹೇಳುವುದು ನೀರಿನ ಪಂಪಿನ ಕಥೆ. ಒಂದು ಕೈಮೇಲೆ ನೀರು, ಇನ್ನೊಂದು ಅಂಗೈಯಲ್ಲಿ ಟೀಚರು ಆ್ಯನ್ ಸಲಿವನ್ ಬೆರಳಿನಿಂದ ಮೂಡಿಸಿದ ಅಕ್ಷರ. ಅದು 1887ರ ಸಂಗತಿ. ನಾನು ಓದಿದ ಮಕ್ಕಳ ಜೀವನಚರಿತ್ರೆಗಳೆಲ್ಲ ಅಲ್ಲಿಂದ ಹಾರಿ, ಒಂದು ಡಿಗ್ರಿ, ನಾಲ್ಕು ಬಿರುದು ಹೇಳಿ ಮುಗಿಸುತ್ತವೆ. ಆಕೆ ಬದುಕಿದ್ದು 1968ರವರೆಗೆ ಮಾರಾಯ್ರೆ! ನನ್ನ ತಕರಾರು ಇಲ್ಲಿಯೇ.

ಬಿಟ್ಟುಹೋದ ಒಂದು ಅಧ್ಯಾಯ ಹೇಳುತ್ತೇನೆ. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗಲೇ, 1943ರಿಂದ, ಅವರು ಅಮೆರಿಕದ ಸೈನಿಕ ಆಸ್ಪತ್ರೆಗಳಿಗೆ ಹೋಗತೊಡಗಿದರು. ವಯಸ್ಸು ಅರವತ್ತು ದಾಟಿತ್ತು. ಸಲಿವನ್ 1936ರಲ್ಲೇ ತೀರಿಕೊಂಡಿದ್ದರು. ಜತೆಗಿದ್ದವರು ಪಾಲಿ ಥಾಮ್ಸನ್.

ಆ ಯುದ್ಧದಲ್ಲಿ ಸಿನಿಮಾದವರೂ ಸೈನಿಕರ ಬಳಿಗೆ ಹೋಗಿದ್ದರು. ಬಾಬ್ ಹೋಪ್ ನಗಿಸಿದರು, ಮಾರ್ಲೀನ್ ಡೀಟ್ರಿಖ್ ಹಾಡಿದರು. ಅದನ್ನು ನಾನು ಹೀಗಳೆಯುವುದಿಲ್ಲ. ಮಂಚ ಬಿಟ್ಟು ಏಳಲಾಗದವನಿಗೆ ಒಂದು ಗಂಟೆಯ ನಗು ಸಣ್ಣದಲ್ಲ. ಆದರೆ ಕಣ್ಣು ಕಳಕೊಂಡ ಹುಡುಗನಿಗೆ ತಾರೆಯ ಮುಖದಿಂದ ಎಂತ ಪ್ರಯೋಜನ? ಎದುರಿನವರ ತುಟಿಯ ಮೇಲೆ ಬೆರಳಿಟ್ಟು ಮಾತು ತಿಳಿಯುವ ಈ ಹೆಂಗಸು, ಅವನು ಮುಂದೆ ಬದುಕಬೇಕಾದ ಕತ್ತಲೆಯಿಂದಲೇ ಬಂದವರು. ಅಲ್ಲಿನ ದಾರಿ ಅವರಿಗೆ ಗೊತ್ತಿತ್ತು.

ಪಾಠ ಬರೆಯುವವರು ಇದನ್ನು ಯಾಕೆ ಬಿಡುತ್ತಾರೆ? ಇದನ್ನು ಹೇಳಿದರೆ 1916ನ್ನೂ ಹೇಳಬೇಕಾಗುತ್ತದೆ, ಅದಕ್ಕೆಂದು ನನ್ನ ಅನುಮಾನ. ಆ ವರ್ಷ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಇದೇ ಕೆಲ್ಲರ್, ಯುದ್ಧದ ವಿರುದ್ಧ ಮುಷ್ಕರ ಹೂಡಿ ಎಂದು ಕಾರ್ಮಿಕರಿಗೆ ಕರೆಕೊಟ್ಟಿದ್ದರು. ಸಮಾಜವಾದಿ ಹೆಂಗಸು ಅವರು. 1933ರಲ್ಲಿ ನಾಜಿಗಳು ಸುಟ್ಟ ಪುಸ್ತಕಗಳಲ್ಲಿ ಅವರದ್ದೂ ಇತ್ತು. ಯುದ್ಧ ಬೇಡ ಎಂದವರೇ ಯುದ್ಧದ ಗಾಯಾಳುವಿನ ಕೈ ಹಿಡಿದರು. ಇದು ಪಂಪಿನ ಕಥೆಯಷ್ಟು ಸಲೀಸಲ್ಲ. ಆದರೆ ಏಳನೇ ಕ್ಲಾಸಿನ ಮಕ್ಕಳಿಗೆ ಅರ್ಥವಾಗದಂಥದ್ದೂ ಅಲ್ಲ.

ಇಂಥ ಭೇಟಿಯಲ್ಲಿ ಒಂದು ಅಪಾಯವೂ ಉಂಟು. “ನೋಡು, ಅವರಿಗೇ ಆಯ್ತು, ನಿನಗೆ ಯಾಕೆ ಆಗುವುದಿಲ್ಲ?” ಎಂದು ಗಾಯಾಳುವಿಗೇ ಹೊರೆ ಹೊರಿಸಬಹುದು. ಕೆಲ್ಲರ್ ಪಕ್ಕದಲ್ಲಿ ಸಲಿವನ್ ಸುಮಾರು ಐವತ್ತು ವರ್ಷ ಇದ್ದರು. ಊರಿಗೆ ಮರಳುವ ಬಡ ಸೈನಿಕನಿಗೆ ಯಾರಿದ್ದಾರೆ? ಅಂಧರಿಗೆ ಪುಸ್ತಕ, ಕೆಲಸ, ಹಣ ಬೇಕೆಂದು ಕೆಲ್ಲರ್ 1924ರಿಂದಲೇ ಒಂದು ಸಂಸ್ಥೆಯ ಪರವಾಗಿ ಊರೂರು ತಿರುಗಿ ಕೇಳುತ್ತಿದ್ದರು. ಪುಸ್ತಕಗಳು ಅದನ್ನು ‘ಸಮಾಜಸೇವೆ’ ಎಂಬ ಒಂದು ಪದದಲ್ಲಿ ಮುಗಿಸಿಬಿಡುತ್ತವೆ.

ನಮ್ಮ ಕಪಾಟಿನ ತೆಳು ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ 1916, 1943 ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ವಾಚನಾಲಯದವರು ಕ್ಷಮಿಸಬೇಕು. ಯಾವುದಾದರೂ ಮಗು ಇದೇನೆಂದು ಕೇಳೀತು.