ಗುಡಿ ಕಾಯದೆ ಉಳಿದದ್ದು

ಉರ್ಸುಲಾ ಲೆ ಗ್ವಿನ್ ಅವರ 'ದ ಟೂಂಬ್ಸ್ ಆಫ್ ಅಟುವಾನ್' (1971) ಮೊದಲ ಸಲ ಓದಿದಾಗ ಯಾರ ಪರ ನಿಲ್ಲಬೇಕೆಂಬ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ಕಾರ್ಗ್ ಜನರ ಗುಡಿಯೊಂದು ಟೆನಾರ್ ಎಂಬ ಪುಟ್ಟ ಹುಡುಗಿಯನ್ನು ತರುತ್ತದೆ. ಸತ್ತ ಪೂಜಾರಿಣಿಯೇ ಇವಳಾಗಿ ಹುಟ್ಟಿದ್ದಾಳೆಂದು ಹೇಳಿ, ಹೆಸರು ಕಿತ್ತುಕೊಂಡು 'ಅರ್ಹಾ' ಎಂದು ಕರೆಯುತ್ತದೆ. ಕತ್ತಲಿನ ಶಕ್ತಿಗಳು ತಿಂದುಬಿಟ್ಟವಳು ಎಂದು ಅದರರ್ಥ. (ಕನ್ನಡದ ಕಿವಿಗೆ ಬೇರೆಯೇ ಅರ್ಥ ಕೇಳಿಸುತ್ತದೆ, ಅದು ಬರಿಯ ಕಾಕತಾಳೀಯ.) ಸುರಂಗದಲ್ಲಿ ಸಿಕ್ಕಿಬಿದ್ದ ಮಾಂತ್ರಿಕ ಗೆಡ್ ಅವಳ ಹೆಸರನ್ನು ಅವಳಿಗೆ ಮರಳಿಸುತ್ತಾನೆ. ಮಂತ್ರ ಬಿಡುಗಡೆ, ಧರ್ಮ ಸೆರೆಮನೆ ಎಂದು ಓದಿಕೊಂಡು ಪುಸ್ತಕ ಮುಚ್ಚಿದ್ದೆ.

2001ರ 'ದಿ ಅದರ್ ವಿಂಡ್' ಈ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಅರ್ಥ್‌ಸೀ ದ್ವೀಪಗಳ ಮಂತ್ರವಿದ್ಯೆ ನಿಂತಿರುವುದು ನಿಜನಾಮಗಳ ಮೇಲೆ: ಹೆಸರು ಬಲ್ಲವನಿಗೆ ವಸ್ತು ವಶ. ಸತ್ತ ಮೇಲೂ ಆ ಹೆಸರು ಅಳಿಯಬಾರದೆಂಬ ಆಸೆಗೆ ಹಿಂದಿನ ಮಾಂತ್ರಿಕರು ಡ್ರ್ಯಾಗನ್‌ಗಳ ಲೋಕದಿಂದ ಒಂದಿಷ್ಟನ್ನು ಕದ್ದು ಗೋಡೆ ಹಾಕಿದ್ದರು. ಅಲ್ಲಿ ಗಾಳಿಯಿಲ್ಲ, ಬೆಳಗಾಗುವುದಿಲ್ಲ. ಪ್ರೀತಿಸಿದವರೂ ಗುರುತಿಲ್ಲದೆ ಹಾದುಹೋಗುತ್ತಾರೆ. ಮಂತ್ರವೇ ಬೇಡವೆಂದ ಕಾರ್ಗರು ಮಾತ್ರ ಅಲ್ಲಿಲ್ಲ. ಅವರು ಸಾಯುತ್ತಾರೆ, ಮತ್ತೆ ಹುಟ್ಟುತ್ತಾರೆ.

ಪುನರ್ಜನ್ಮ ನಮಗೆ ಹಳೆಯ ಮಾತು. 'ನಮ್ಮ ಕಡೆಯವರೇ ಗೆದ್ದರು' ಎಂದು ನಾನೂ ಕೊಂಚ ಬೀಗಿದ್ದೆ. ಆದರೆ ಈ ತಿಳಿವನ್ನು ಕಾದಿಟ್ಟದ್ದು ಗುಡಿಯೇ? ಗುಡಿಯ ಹಿರಿಯ ಪೂಜಾರಿಣಿ ಕೊಸಿಲ್‌ಗೆ ಅಧಿಕಾರ ಬಿಟ್ಟು ಬೇರೇನೂ ಪವಿತ್ರವಲ್ಲ. ವಿಧಿಗಳು ನಡೆಯುವುದು ಖಾಲಿ ಸಿಂಹಾಸನದೆದುರು. ಸಾವಿನ ಬಗೆಗಿನ ಆ ಹಳೆಯ ಮಾತು ಬರುವುದು ಸೆಸೆರಾಖ್ ಬಾಯಲ್ಲಿ. ಹುರ್-ಅಟ್-ಹುರ್ ಎಂಬ ದೂರದ ದ್ವೀಪದಿಂದ ಸಂಧಾನದ ಸರಕಿನಂತೆ ಬಂದ, ಆಸ್ಥಾನದ ಭಾಷೆ ಬಾರದ, ಕೆಂಪು ಮುಸುಕಿನ ರಾಜಕುಮಾರಿ ಅವಳು. ಅವಳ ನುಡಿಯಲ್ಲೇ ಕೂತು ಕೇಳುವವಳು ಅದೇ ಗುಡಿಯಿಂದ ಓಡಿಬಂದ ಟೆನಾರ್.

ಈ ಕೊನೆಯ ಕಾದಂಬರಿಯಲ್ಲಿ ಮಾತು ಜಾಸ್ತಿ, ಋಷಿಗಳ ಸಭೆ ಕೂಡಿದಂತೆ. ಲೆ ಗ್ವಿನ್ ಇಲ್ಲಿ ಅತಿಯಾಗಿ ವಿವರಿಸುತ್ತಾರೆ. 1968ರ ಮೊದಲ ಕಾದಂಬರಿಯಲ್ಲಿ ಬರಿಯ ದಾಳಿಕೋರರಾಗಿ ಬಂದ ಕಾರ್ಗರ ಋಣ ತೀರಿಸುವ ಅವಸರವೇನೋ.

ಈಗ 'ಟೂಂಬ್ಸ್' ತೆರೆದರೆ ನನ್ನ ಕಣ್ಣು ಗೆಡ್‌ಗಿಂತ ಮೊದಲು ಮನಾನ್‌ನನ್ನು ಹುಡುಕುತ್ತದೆ. ಅರ್ಹಾಳನ್ನು ಸಾಕಿದ ನಪುಂಸಕ ಸೇವಕ ಅವನು. ಅವಳು ಕೇಳಿದಾಗಲೆಲ್ಲ, ಅವಳು ಆಯ್ಕೆಯಾದ ದಿನದ ಕಥೆಯನ್ನು ಮತ್ತೆ ಮತ್ತೆ ಹೇಳುತ್ತಿದ್ದ. ಬಿಡುಗಡೆಯ ದಾರಿಯಲ್ಲಿ ಅವನು ಹೊಂಡಕ್ಕೆ ಬಿದ್ದು ಸಾಯುತ್ತಾನೆ. ಮೊದಲ ಓದಿನ ನಂತರ ಅವನ ಹೆಸರೂ ನನಗೆ ನೆನಪಿರಲಿಲ್ಲ.